ನೆರೆಮನೆಯ ಗದ್ದಲದಲ್ಲಿ ಆಕಾಶದ ಪಿಸುಮಾತು

ನಾವು ಹೋಟೆಲು ನಡೆಸುತ್ತಿದ್ದ ಕಾಲದಲ್ಲಿ ಗಲ್ಲಾದ ಬಳಿ ಹಳೆಯ ರೇಡಿಯೋ ಒಂದಿತ್ತು. ರಾತ್ರಿ ಬಾಗಿಲಿಕ್ಕಿದ ಮೇಲೆ ಅದರಲ್ಲಿ ಮಂಗಳೂರು ನಿಲಯದ ಯಕ್ಷಗಾನವನ್ನು ಹಿಡಿಯುವುದು ನಮ್ಮ ಹುಡುಗರ ಹಂಬಲ. ಮುಳ್ಳನ್ನು ಎಷ್ಟು ನಾಜೂಕಾಗಿ ತಿರುಗಿಸಿದರೂ, ಸಮೀಪದ ಪ್ರಬಲ ನಿಲಯವೊಂದರ ಹಾಡು ಭಾಗವತರ ಕಂಠವನ್ನು ನುಂಗಿಬಿಡುತ್ತಿತ್ತು. ಆ ನಿಲಯವೇನೂ ತನ್ನ ಗಡಿಯನ್ನು ದಾಟಿರಲಿಲ್ಲ. ಎರಡನ್ನೂ ಬೇರ್ಪಡಿಸುವ ಶಕ್ತಿ ನಮ್ಮ ಪೆಟ್ಟಿಗೆಗೇ ಇರಲಿಲ್ಲ. ಅಮೆರಿಕದಲ್ಲಿ 2011ರಿಂದ ನಡೆದುಬಂದ ಒಂದು ದೊಡ್ಡ ವ್ಯಾಜ್ಯದ ತಿರುಳೂ ಇದೇ ಆಗಿದೆ.

ಟ್ಯಾಕ್ಸಿ ಚಾಲಕನಿಂದ ವೈಮಾನಿಕನವರೆಗೆ ಎಲ್ಲರಿಗೂ ದಾರಿ ತೋರುವ ಜಿ.ಪಿ.ಎಸ್. ಉಪಗ್ರಹಗಳು ಭೂಮಿಯಿಂದ ಸುಮಾರು 20,200 ಕಿಲೋಮೀಟರು ಎತ್ತರದಲ್ಲಿ ಸಂಚರಿಸುತ್ತವೆ. 1575.42 ಮೆಗಾಹರ್ಟ್ಸ್ ತರಂಗದಲ್ಲಿ ಅವು ಕಳುಹಿಸುವ ಸಂಕೇತವು ನೆಲ ಮುಟ್ಟುವಾಗ ಅದರ ಬಲ ಒಂದು ವ್ಯಾಟಿನ ಕೋಟಿ ಕೋಟಿಯಲ್ಲೊಂದು ಪಾಲಿಗಿಂತಲೂ ಎಷ್ಟೋ ಕಡಿಮೆ. ಅದರ ಕೆಳಗಿನ ನೆರೆ ಪಟ್ಟಿಯೂ ಬಹುಕಾಲ ಉಪಗ್ರಹ ದೂರವಾಣಿಗಳಿಗೆ ಮೀಸಲಾಗಿದ್ದುದರಿಂದ ಪಿಸುಮಾತಿಗೆ ಪಿಸುಮಾತೇ ನೆರೆಯಾಗಿತ್ತು.

ಆ ನೆರೆಪಟ್ಟಿಯಲ್ಲಿ ಲೈಟ್‌ಸ್ಕ್ವೇರ್ಡ್ ಎಂಬ ಸಂಸ್ಥೆಯು ಸುಮಾರು 40,000 ಗೋಪುರಗಳನ್ನು ನೆಟ್ಟು ದೇಶಕ್ಕೆಲ್ಲ ಬ್ರಾಡ್‌ಬ್ಯಾಂಡ್ ಒದಗಿಸಲು ಹೊರಟಿತು. ಸಂಪರ್ಕ ನಿಯಂತ್ರಣ ಆಯೋಗವು 2011ರ ಜನವರಿಯಲ್ಲಿ ಷರತ್ತಿನ ಅನುಮತಿಯನ್ನೂ ನೀಡಿತು. ಪರೀಕ್ಷೆ ನಡೆಸಿದಾಗ ಗೋಪುರದ ಸಾವಿರಾರು ವ್ಯಾಟಿನ ಆರ್ಭಟದ ಮುಂದೆ ಜಿ.ಪಿ.ಎಸ್. ಯಂತ್ರಗಳು ಕಿವುಡಾದವು. ಹೆಚ್ಚಿನ ಹಾನಿ ಉತ್ತಮ ಯಂತ್ರಗಳಿಗೇ ಆದದ್ದು ಸೋಜಿಗ: ಅಂಗುಲದ ಲೆಕ್ಕದಲ್ಲಿ ಟ್ರಾಕ್ಟರು ನಡೆಸುವ ರೈತನ ಯಂತ್ರ, ಭೂಮಾಪಕನ ಯಂತ್ರ. ನಿಖರತೆಗಾಗಿ ಅವು ತಮ್ಮ ಕಿವಿಯನ್ನು ಅಗಲವಾಗಿ ತೆರೆದಿಡಬೇಕಷ್ಟೆ.

ತಪ್ಪು ಯಾರದು? ತನ್ನ ಪಟ್ಟಿಯೊಳಗೇ ಇದ್ದೇನೆಂದು ಸಂಸ್ಥೆಯು ವಾದಿಸಿತು, ನ್ಯಾಯವಾದ ಮಾತೇ. ಆದರೆ ಮೌನವಿದ್ದೆಡೆ ನಂಬಿ ಯಂತ್ರ ಕೊಂಡ ರೈತನನ್ನು ದಂಡ ತೆರು ಎನ್ನುವುದು ನಮ್ಮ ಮನಸ್ಸಿಗೆ ಒಪ್ಪದು. 2012ರ ಫೆಬ್ರವರಿಯಲ್ಲಿ ಆಯೋಗವು ಅನುಮತಿಯನ್ನು ಹಿಂತೆಗೆದುಕೊಳ್ಳಲು ಮುಂದಾಯಿತು. ಮೇ ತಿಂಗಳಲ್ಲಿ ಸಂಸ್ಥೆ ದಿವಾಳಿ ಅರ್ಜಿ ಹಾಕಿತು.

ಲಿಗಾಡೋ ಎಂಬ ಹೊಸ ಹೆಸರಿನಲ್ಲಿ ಅದು ಮರಳಿ ಬಂದಾಗ, ಬಲವನ್ನು ಸುಮಾರು 10 ವ್ಯಾಟಿಗೆ ಇಳಿಸಿ, ನಡುವೆ 23 ಮೆಗಾಹರ್ಟ್ಸ್ ಬಯಲು ಬಿಡಬೇಕೆಂಬ ಷರತ್ತಿನ ಮೇಲೆ ಆಯೋಗವು 2020ರ ಏಪ್ರಿಲಿನಲ್ಲಿ ಸರ್ವಾನುಮತದಿಂದ ಒಪ್ಪಿತು. ರಕ್ಷಣಾ ಇಲಾಖೆ ಮಾತ್ರ ಒಪ್ಪಲಿಲ್ಲ. ಒಂದೇ ಸರಕಾರದ ಎರಡು ಕೈಗಳು ಎರಡು ದಿಕ್ಕಿಗೆ ಎಳೆದವು! 2023ರಲ್ಲಿ ಸಂಸ್ಥೆಯು ಸರಕಾರದ ಮೇಲೆಯೇ ದಾವೆ ಹೂಡಿತು. 2025ರ ಜನವರಿಯಲ್ಲಿ ಮತ್ತೊಮ್ಮೆ ದಿವಾಳಿ ಅರ್ಜಿ ಸಲ್ಲಿಸಿತು.

ಇದು ಕೇವಲ ಪರದೇಶದ ಜಗಳವೆಂದು ವಾಚಕರು ಬಗೆಯಬಾರದು. ಬೆಂಗಳೂರಿನಲ್ಲಿ ಕೇಂದ್ರ ಕಚೇರಿಯುಳ್ಳ ಇಸ್ರೋ ಸಂಸ್ಥೆಯು 2023ರ ಮೇ 29ರಂದು ಹಾರಿಸಿದ ಎನ್.ವಿ.ಎಸ್.-01 ಉಪಗ್ರಹದೊಂದಿಗೆ ನಮ್ಮ ನಾವಿಕ್ ವ್ಯವಸ್ಥೆಯೂ ಅದೇ 1575.42ರ ಓಣಿಗೆ ಕಾಲಿಟ್ಟಿದೆ.