ಕಿರುಹುಳುವಿನಲ್ಲಿ ಜೀನುಗಳನ್ನು ಎಬ್ಬಿಸುವ ವಿಧಾನ

ಅಲ್ಪವಾದುದನ್ನು ತಾತ್ಸಾರ ಮಾಡುವುದು ಮನುಷ್ಯಸ್ವಭಾವವು. ಆದರೆ ಒಂದು ಮಿಲಿಮೀಟರಿನಷ್ಟು ಉದ್ದವಾದ ಹುಳುವೊಂದು ಮಹಾವಿದ್ವಾಂಸರಿಗೂ ಪಾಠ ಹೇಳುತ್ತಿರುವುದೆಂದರೆ ನಮ್ಮ ಸೋದರಿಯರಿಗೆ ಆಶ್ಚರ್ಯವಾಗದಿರದು. ಮಣ್ಣಿನಲ್ಲಿ ವಾಸಿಸುವ ಸಿನೊರಾಬ್ಡೈಟಿಸ್ ಎಲಿಗನ್ಸ್ ಎಂಬುದೇ ಆ ಹುಳು. ಇದರ ಶರೀರವು ಪಾರದರ್ಶಕವಾದುದರಿಂದ ಒಳಗಿನ ಜೀವಕಣಗಳನ್ನು ಸೂಕ್ಷ್ಮದರ್ಶಕದಲ್ಲಿ ಎಣಿಸಬಹುದು. ಬೆಳೆದ ಉಭಯಲಿಂಗಿ ಹುಳುವಿನಲ್ಲಿ, ಸಂತಾನಕಣಗಳನ್ನು ಬಿಟ್ಟರೆ, ಅವು 959 ಮಾತ್ರ. ಜೀನುಗಳಾದರೋ ಸುಮಾರು 20,000 ಇರುವುವು.

ದೊಡ್ಡ ಮನೆಯಲ್ಲಿ ಎಲ್ಲ ದೀಪಗಳನ್ನೂ ಒಮ್ಮೆಗೇ ಹಚ್ಚುವವರಿಲ್ಲ. ಹಾಗೆಯೇ ನರದ ಕಣದಲ್ಲಿ ಕೆಲವು ಜೀನುಗಳು, ಕರುಳಿನ ಕಣದಲ್ಲಿ ಬೇರೆ ಕೆಲವು ಕೆಲಸಮಾಡುವುವು, ಉಳಿದವು ಸುಮ್ಮನಿರುವುವು. ಒಂದು ಜೀನಿನ ಕೆಲಸವನ್ನು ತಿಳಿಯಲು ಅದನ್ನು ಅಡಗಿಸಿ ನೋಡುವುದೊಂದು ಮಾರ್ಗ. 1998ರಲ್ಲಿ ಫೈರ್ ಮತ್ತು ಮೆಲೊ ಎಂಬವರು ಇದೇ ಹುಳುವಿನಲ್ಲಿ, ಜೋಡಿ ಎಳೆಯ ಆರ್.ಎನ್.ಎ.ಯಿಂದ ಜೀನುಗಳನ್ನು ಅಡಗಿಸುವ ಬಗೆಯನ್ನು ತೋರಿಸಿದರು. ಮಲಗಿದ ಜೀನನ್ನು ಎಬ್ಬಿಸುವುದು ಮಾತ್ರ ಕಠಿನವಾಗಿ ಉಳಿಯಿತು.

2012ರಲ್ಲಿ ಶಾರ್ಪಾಂಟಿಯೆ ಮತ್ತು ಡೌಡ್ನಾ ಎಂಬ ಇಬ್ಬರು ವಿದುಷಿಯರ ತಂಡವು, ಕ್ಯಾಸ್ 9 ಎಂಬ ಪ್ರೋಟೀನನ್ನು ಮಾರ್ಗದರ್ಶಕ ಆರ್.ಎನ್.ಎ.ಯ ಸಹಾಯದಿಂದ ಬೇಕಾದ ಸ್ಥಳಕ್ಕೆ ಕಳುಹಿಸಿ ಡಿ.ಎನ್.ಎ.ಯನ್ನು ಕತ್ತರಿಸಬಹುದೆಂದು ಪ್ರಕಟಿಸಿತು. ವಿಜ್ಞಾನಿಗಳು ಆ ಕತ್ತರಿಯ ಅಲಗನ್ನು ಮೊಂಡುಮಾಡಿದರು. ಹೀಗಾದ ಕ್ಯಾಸ್ 9 ತನ್ನ ಸ್ಥಳವನ್ನು ಹುಡುಕಿ ಅಂಟಿಕೊಳ್ಳುವುದು, ಆದರೆ ಕತ್ತರಿಸಲಾರದು. ಜೀನನ್ನು ಪ್ರಚೋದಿಸುವ ಇನ್ನೊಂದು ಪ್ರೋಟೀನಿನ ತುಂಡನ್ನು ಅದಕ್ಕೆ ಜೋಡಿಸಿ ಜೀನಿನ ಆರಂಭದ ಬಳಿ ನಿಲ್ಲಿಸಿದರೆ, ಆ ಜೀನಿನ ಕೆಲಸವು ಹೆಚ್ಚುವುದು. ಡಿ.ಎನ್.ಎ.ಯ ಒಂದಕ್ಷರವೂ ಬದಲಾಗುವುದಿಲ್ಲ. ಈ ಉಪಾಯವನ್ನು ನಮ್ಮ ಕಿರುಹುಳುವಿನಲ್ಲಿಯೂ ಪ್ರಯೋಗಿಸಿದ್ದಾರೆ.

ಆದರೂ ಎಚ್ಚರಿಕೆಯು ಅವಶ್ಯ. ಪ್ರಚೋದಕವು ನಿಲ್ಲುವ ಸ್ಥಳವು ತುಸು ತಪ್ಪಿದರೂ ಫಲವು ಕುಂದುವುದು. ಆದುದರಿಂದ ಏನನ್ನೂ ಮಾಡದೆ ಬಿಟ್ಟ ಹುಳುಗಳೊಡನೆ ಹೋಲಿಸದೆ ಯಾವುದನ್ನೂ ನಿಶ್ಚಯಿಸಲಾಗದು. ಹುಳುವಿನ ಅನೇಕ ಜೀನುಗಳಿಗೆ ಸಮಾನವಾದವು ಮನುಷ್ಯರಲ್ಲಿಯೂ ಇರುವುದರಿಂದ, ಇಲ್ಲಿ ಕಲಿತುದು ಮುಂದೆ ರೋಗಿಗಳಿಗೆ ಉಪಕಾರವಾಗಬಹುದು. ಆದರೆ ಹುಳುವಿನಲ್ಲಿ ಕಲಿತುದನ್ನು ಆತುರದಿಂದ ಮನುಷ್ಯರ ಮೇಲೆ ಪ್ರಯೋಗಿಸುವುದು ಯುಕ್ತವಲ್ಲ. 2018ರಲ್ಲಿ ಚೀನಾದ ವಿಜ್ಞಾನಿಯೊಬ್ಬನು ಭ್ರೂಣಗಳ ಜೀನುಗಳನ್ನು ತಿದ್ದಿ ಶಿಶುಗಳು ಜನಿಸಿದುವೆಂದು ಸಾರಿದಾಗ ಲೋಕವೆಲ್ಲ ಖಂಡಿಸಿತು.

2020ರಲ್ಲಿ ಆ ಇಬ್ಬರು ವಿದುಷಿಯರಿಗೇ ರಸಾಯನಶಾಸ್ತ್ರದ ನೊಬೆಲ್ ಪಾರಿತೋಷಕವು ದೊರೆಯಿತು. ನಮ್ಮ ಶಾಲೆಯ ಹೆಣ್ಣುಮಕ್ಕಳು ಇದನ್ನು ಮನಸ್ಸಿನಲ್ಲಿಡಲಿ. ಸೃಷ್ಟಿಕರ್ತನ ಕಾರ್ಯಗಳನ್ನು ಅರಿಯಲು ಬುದ್ಧಿಯು ಬೇಕು. ಅರಿತುದನ್ನು ಬಳಸಲು ವಿನಯವೂ ಬೇಕು.