ಕೊಡ ನೀರಿನ ಲೆಕ್ಕ

ಭೌತಶಾಸ್ತ್ರದಲ್ಲಿ ‘ಕಾರ್ಯ’ವೆಂಬ ಮಾತಿಗೆ ಖಚಿತವಾದ ಒಂದು ಅರ್ಥವುಂಟು. ಬಲವನ್ನು ಪ್ರಯೋಗಿಸಿದಾಗ ವಸ್ತುವು ಆ ಬಲದ ದಿಕ್ಕಿನಲ್ಲಿ ಸರಿದರೆ ಮಾತ್ರ ಕಾರ್ಯ ನಡೆಯಿತೆನ್ನುತ್ತೇವೆ. ಹಾಗಾದರೆ, ತುಂಬಿದ ಕೊಡವನ್ನು ತಲೆಯ ಮೇಲಿಟ್ಟುಕೊಂಡು ಸಮತಟ್ಟಾದ ದಾರಿಯಲ್ಲಿ ಒಂದೇ ವೇಗದಿಂದ ನಡೆಯುವ ಹೆಂಗಸು ಆ ಕೊಡದ ಮೇಲೆ ಮಾಡುವ ಕಾರ್ಯವೆಷ್ಟು? ಆಕೆಯ ತಲೆ ಕೊಡವನ್ನು ಮೇಲಕ್ಕೆ ಒತ್ತುತ್ತದೆ. ಕೊಡವು ಸರಿಯುವುದು ಮುಂದಕ್ಕೆ. ಈ ಎರಡು ದಿಕ್ಕುಗಳು ಪರಸ್ಪರ ಲಂಬವಾಗಿರುವುದರಿಂದ ಉತ್ತರ ಸೊನ್ನೆ. ಪರೀಕ್ಷೆಯಲ್ಲಿ ಹೀಗೆಂದು ಬರೆದ ವಿದ್ಯಾರ್ಥಿಗೆ ಪೂರ್ಣ ಅಂಕ ದೊರೆಯುತ್ತದೆ. ಆದರೆ ಮನೆ ಸೇರಿ ಕೊಡವಿಳಿಸಿದವಳ ಕುತ್ತಿಗೆ, ಸೊಂಟಗಳು ಈ ಉತ್ತರವನ್ನು ಒಪ್ಪುವುದಿಲ್ಲ.

ಈ ವಿರೋಧಕ್ಕೆ ಕಾರಣವು ನಮ್ಮ ಶರೀರದ ರಚನೆಯಲ್ಲಿದೆ. ಮೇಜು ಎಷ್ಟು ಭಾರವನ್ನಾದರೂ ಶಕ್ತಿ ವೆಚ್ಚವಿಲ್ಲದೆ ಹೊತ್ತಿರಬಲ್ಲದು. ಸ್ನಾಯುವಿಗೆ ಅದು ಸಾಧ್ಯವಿಲ್ಲ. ಅದರ ಎಳೆಗಳು ಕ್ಷಣಕ್ಷಣಕ್ಕೂ ಬಿಗಿದು, ಸಡಿಲಿ, ಮತ್ತೆ ಬಿಗಿಯುತ್ತಲೇ ಇರಬೇಕು. ಪ್ರತಿಯೊಂದು ಬಿಗಿತಕ್ಕೂ ಆಹಾರದಿಂದ ಬಂದ ಶಕ್ತಿ ವ್ಯಯವಾಗುತ್ತದೆ. ಕೊಡದ ಪಾಲಿಗೆ ಕಾರ್ಯವು ಸೊನ್ನೆ, ಹೊತ್ತವಳ ಪಾಲಿಗಲ್ಲ.

ಅಭ್ಯಾಸದಿಂದ ಈ ವೆಚ್ಚವನ್ನು ಸ್ವಲ್ಪ ಮಟ್ಟಿಗೆ ತಗ್ಗಿಸಬಹುದೆಂಬುದೂ ನಿಜ. ಕೆನ್ಯಾ ದೇಶದ ಲುವೊ ಮತ್ತು ಕಿಕುಯು ಸ್ತ್ರೀಯರನ್ನು ಕುರಿತು 1986ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ, ಅವರು ತಮ್ಮ ತೂಕದ ಶೇಕಡ 20ರಷ್ಟು ಭಾರವನ್ನು ಹೆಚ್ಚಿನ ಆಮ್ಲಜನಕದ ವೆಚ್ಚವಿಲ್ಲದೆಯೇ ಹೊರುವುದು ಕಂಡುಬಂದಿತು. ನಡೆಯುವಾಗ ನಮ್ಮ ದೇಹವು ಲೋಲಕದಂತೆ ಏರಿಳಿಯುತ್ತ, ಪ್ರಚ್ಛನ್ನ ಶಕ್ತಿಯನ್ನು ಚಲನ ಶಕ್ತಿಯಾಗಿಯೂ ಚಲನ ಶಕ್ತಿಯನ್ನು ಪ್ರಚ್ಛನ್ನ ಶಕ್ತಿಯಾಗಿಯೂ ಮಾರ್ಪಡಿಸುತ್ತಿರುತ್ತದೆ. ಹೊರೆ ಹೊತ್ತಾಗ ಆ ಸ್ತ್ರೀಯರು ಈ ವಿನಿಮಯವನ್ನು ಇನ್ನಷ್ಟು ನಷ್ಟವಿಲ್ಲದಂತೆ ನಡೆಸುತ್ತಾರೆಂದು 1995ರ ಸಂಶೋಧನೆ ತಿಳಿಸಿತು. ಆದರೆ 50 ಕಿಲೋಗ್ರಾಂ ತೂಗುವವಳಿಗೆ ಶೇಕಡ 20 ಎಂದರೆ 10 ಕಿಲೋಗ್ರಾಂ ಮಾತ್ರ. 15 ಲೀಟರಿನ ಕೊಡದಲ್ಲಿ ನೀರೇ 15 ಕಿಲೋಗ್ರಾಂ ಆಗುತ್ತದೆ.

ಇನ್ನು ಕಾಲದ ಲೆಕ್ಕವನ್ನು ನೋಡೋಣ. ಒಬ್ಬರಿಗೆ ದಿನಕ್ಕೆ 55 ಲೀಟರ್ ಎಂಬುದು ನಮ್ಮ ಗ್ರಾಮೀಣ ನೀರು ಸರಬರಾಜಿನ ಪ್ರಮಾಣ. ಐವರ ಸಂಸಾರಕ್ಕೆ 275 ಲೀಟರ್, ಅಂದರೆ 18 ಕೊಡಕ್ಕೂ ಮಿಕ್ಕಿ ಬೇಕು. ಒಮ್ಮೆ ಹೋಗಿಬರಲು 15 ನಿಮಿಷವೆಂದು ಹಿಡಿದರೂ ನಾಲ್ಕೂವರೆ ಗಂಟೆ ಅದಕ್ಕೇ ಸಂದುಹೋಗುತ್ತದೆ. ಇಷ್ಟು ನೀರನ್ನು 20 ಮೀಟರ್ ಆಳದ ಬಾವಿಯಿಂದ ಮೇಲೆತ್ತಲು ಬೇಕಾದ ಶಕ್ತಿಯಾದರೂ ಎಷ್ಟು? 275 × 9.8 × 20, ಅಂದರೆ 53,900 ಜೂಲ್. ಪಂಪಿನ ನಷ್ಟಗಳಿಗಾಗಿ ಇದನ್ನು ಮೂರು ಪಟ್ಟು ಮಾಡಿದರೂ, 60 ವ್ಯಾಟಿನ ದೀಪವೊಂದು ಮುಕ್ಕಾಲು ಗಂಟೆ ಉರಿಯಲು ಬೇಕಾದಷ್ಟು ವಿದ್ಯುತ್ತು ಸಾಕು!

ಇದರಿಂದ ಸ್ಪಷ್ಟವಾಗುವುದೇನೆಂದರೆ, ನೀರು ಮನೆಬಾಗಿಲಿಗೆ ಬಾರದಿರುವುದಕ್ಕೆ ಶಕ್ತಿಯ ಅಭಾವವೊಂದೇ ಕಾರಣವಲ್ಲ. ಯಾವುದಕ್ಕೆ ಮೊದಲು ಹಣ ತೊಡಗಿಸಬೇಕು, ಕೊಳವೆ ಎಲ್ಲಿ ಹಾಯಬೇಕು ಎಂಬುದನ್ನು ನಿರ್ಧರಿಸುವವರು ಯಾರು ಎಂಬುದೂ ಅಷ್ಟೇ ಮುಖ್ಯ. ಆವರಣದಲ್ಲಿ ನೀರಿನ ಸೌಕರ್ಯವಿಲ್ಲದ ಮನೆಗಳಲ್ಲಿ ಜಗತ್ತಿನ 180 ಕೋಟಿ ಜನರಿದ್ದಾರೆಂದೂ, ಅಂಥ ಹತ್ತು ಮನೆಗಳಲ್ಲಿ ಏಳರಲ್ಲಿ ನೀರು ತರುವ ಹೊಣೆ ಸ್ತ್ರೀಯರದೆಂದೂ ವಿಶ್ವ ಆರೋಗ್ಯ ಸಂಸ್ಥೆ ಮತ್ತು ಯುನಿಸೆಫ್ 2023ರಲ್ಲಿ ವರದಿ ಮಾಡಿದವು. ಹೊರುವವರು ಒಬ್ಬರು, ನಿರ್ಧರಿಸುವವರು ಮತ್ತೊಬ್ಬರು ಆದಾಗ ಹೊರೆಯ ಭಾರ ನಿರ್ಣಯಕ್ಕೆ ತಾಗುವುದಿಲ್ಲ.

ಇದು ಬರಿಯ ಊಹೆಯಲ್ಲ. ಪಂಚಾಯತಿ ಅಧ್ಯಕ್ಷಸ್ಥಾನಗಳಲ್ಲಿ ಮೂರನೆಯ ಒಂದು ಭಾಗವನ್ನು ಸ್ತ್ರೀಯರಿಗೆ ಮೀಸಲಿಟ್ಟಾಗ, ಯಾವ ಊರಿಗೆ ಯಾವಾಗ ಮೀಸಲೆಂಬುದು ಊರವರ ಆಯ್ಕೆಯಾಗಿರಲಿಲ್ಲ. ಪ್ರಯೋಗಶಾಲೆಯಲ್ಲಿ ಒಂದೇ ಬಗೆಯ ಎರಡು ಗುಂಪುಗಳನ್ನು ಹೋಲಿಸುವಂತೆ ಇಲ್ಲಿಯೂ ಹೋಲಿಕೆ ಸಾಧ್ಯವಾಯಿತು. ರಾಘವೇಂದ್ರ ಚಟ್ಟೋಪಾಧ್ಯಾಯ ಮತ್ತು ಎಸ್ತರ್ ಡುಫ್ಲೊ ಅವರು ಪಶ್ಚಿಮ ಬಂಗಾಳ ಹಾಗೂ ರಾಜಸ್ಥಾನದಲ್ಲಿ ಹೀಗೆ ಹೋಲಿಸಿ, 2004ರಲ್ಲಿ ಫಲಿತಾಂಶವನ್ನು ಪ್ರಕಟಿಸಿದರು. ಸ್ತ್ರೀಯರಿಗೆ ಮೀಸಲಾದ ಪಂಚಾಯತಿಗಳು ಕುಡಿಯುವ ನೀರಿನ ಕಾಮಗಾರಿಗಳಿಗೆ ಹೆಚ್ಚು ವಿನಿಯೋಗಿಸಿದ್ದವು.

2019ರಲ್ಲಿ ಆರಂಭವಾದ ಜಲಜೀವನ್ ಮಿಷನ್ನಿನ ಮಾರ್ಗಸೂಚಿಯು ಗ್ರಾಮದ ನೀರು ಸಮಿತಿಯಲ್ಲಿ ಕನಿಷ್ಠ ಅರ್ಧದಷ್ಟು ಸದಸ್ಯರು ಸ್ತ್ರೀಯರಾಗಿರಬೇಕೆಂದು ವಿಧಿಸಿತು. ಹೆಸರು ಪಟ್ಟಿಯಲ್ಲಿದ್ದರೆ ಸಾಲದು, ಮಾತು ನಡೆಯಬೇಕು.

ಅಳೆಯುವುದು ವಿಜ್ಞಾನದ ಮೊದಲ ಪಾಠ. ವಿದ್ಯಾರ್ಥಿಗಳು ತಮ್ಮ ಊರಿನಲ್ಲಿಯೇ ಒಂದು ಅಳತೆಪಟ್ಟಿ, ಒಂದು ಗಡಿಯಾರ ಹಿಡಿದು ಹೊರಡಲಿ. ಬಾವಿ ಅಥವಾ ನಲ್ಲಿಗೆ ಎಷ್ಟು ದೂರ, ದಿನಕ್ಕೆ ಎಷ್ಟು ಕೊಡ, ಎಷ್ಟು ನಿಮಿಷ ಎಂದು ಬರೆದುಕೊಳ್ಳಲಿ. ಹೊತ್ತವರು ಯಾರು ಎಂಬುದಕ್ಕೂ ಒಂದು ಕಲಮು ಇರಲಿ. ಆ ಹಾಳೆಯನ್ನು ಗ್ರಾಮಸಭೆಯಲ್ಲಿ ಓದಿದರೆ, ಇಷ್ಟುಕಾಲ ಸೊನ್ನೆಯೆಂದು ಎಣಿಸಿದ್ದುದು ಎಷ್ಟೆಂಬುದು ಎಲ್ಲರಿಗೂ ತಿಳಿದೀತು.