ತಂಡ ಒಂದು, ಚಂದಾ ಎರಡು!

ಫುಟ್‌ಬಾಲ್ ನೋಡೋಕೆ ಯಾರಾದ್ರೂ ಮನೆ ಕೊಳ್ತಾರಾ?

ಕೊಂಡಿದ್ದಾರೆ!
ಎರ್ನಾಕುಲಂ ಜಿಲ್ಲೆಯ ಮುಂಡಕ್ಕಾಮುಗಳ್‌ನಲ್ಲಿ.
2022ರ ವಿಶ್ವಕಪ್‌ಗೆ
17 ಜನ ದುಡ್ಡು ಹಾಕಿ,
23 ಲಕ್ಷಕ್ಕೆ ಮನೆ ಕೊಂಡ್ರು.
ಗೋಡೆಗೆ ಬ್ರೆಜಿಲ್, ಅರ್ಜೆಂಟೀನಾ ಬಣ್ಣ.
ಜೊತೆಗೆ ಮೆಸ್ಸಿ, ರೊನಾಲ್ಡೊ ಕಟೌಟ್!

ಆ ವಿಶ್ವಕಪ್ ಜಿಯೋಸಿನಿಮಾದಲ್ಲಿ ಫ್ರೀ ಇತ್ತು.

2025-26ರ ಸೀಸನ್‌ಗೆ ಬನ್ನಿ.
ಪ್ರೀಮಿಯರ್ ಲೀಗ್ ಜಿಯೋಹಾಟ್‌ಸ್ಟಾರ್‌ನಲ್ಲಿ.
ಚಾಂಪಿಯನ್ಸ್ ಲೀಗ್ ಸೋನಿ ಲಿವ್‌ನಲ್ಲಿ.
ಎರಡರಲ್ಲೂ ಆಡಿದ್ದು ಅದೇ ಲಿವರ್‌ಪೂಲ್ ತಂಡ!

ಅನ್ನಕ್ಕೊಂದು ಹೋಟೆಲ್,
ಸಾರಿಗೊಂದು ಹೋಟೆಲ್.
ಬಿಲ್ ಎರಡು,
ಊಟ ಒಂದೇ.

ಯಾಕೆ ಹೀಗೆ?
ಪ್ರತಿ ಟೂರ್ನಿ ತನ್ನ ಪ್ರಸಾರದ ಹಕ್ಕನ್ನ
ಬೇರೆ ಬೇರೆಯಾಗಿ ಮಾರುತ್ತೆ.
ಕೊಂಡೋರು ಆ ದುಡ್ಡನ್ನ
ನಮ್ಮ ಜೇಬಿಂದ ತೆಗೀತಾರೆ.

ವರ್ಷದ ಪ್ಯಾಕ್ ಹಾಕಿಸೋ ಮುಂಚೆ,
ನಿಮ್ಮ ತಂಡದ ಮ್ಯಾಚ್ ಎಲ್ಲಿ ಬರುತ್ತೆ
ಅಂತ ನೋಡ್ಕೊಳ್ಳಿ.
ಆಮೇಲೆ,
ಗೆಳೆಯರನ್ನ ಕರೆದು
ಒಟ್ಟಿಗೆ ಕೂತು ನೋಡಿ!